ಸೀಟು ತೆಗೆದಿಡದ ‘ಮೀಸಲಾತಿ’: ಅಮೆರಿಕದ ಲಾ ಸ್ಕೂಲುಗಳಲ್ಲಿ ಅಂಕವೂ ಜನಾಂಗವೂ

2023ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟ್ ಹಾರ್ವರ್ಡ್ ಮತ್ತು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಗಳ ಪ್ರವೇಶ ಪದ್ಧತಿಯನ್ನು ರದ್ದು ಮಾಡಿದಾಗ ‘ಅಮೆರಿಕದಲ್ಲಿ ಮೀಸಲಾತಿ ಹೋಯಿತಂತೆ’ ಎಂಬ ಮಾತು ನಮ್ಮಲ್ಲೂ ಓಡಾಡಿತು. ಮೀಸಲಾತಿ ಬೇಕು ಎನ್ನುವವರೂ ಬೇಡ ಎನ್ನುವವರೂ ಆ ತೀರ್ಪನ್ನು ತಮ್ಮ ತಮ್ಮ ವಾದದ ಕಡೆಗೆ ಎಳೆದುಕೊಂಡರು. ಆದರೆ ನಾವು ಮೀಸಲಾತಿ ಎಂದು ಕರೆಯುವುದು ನೂರು ಸೀಟಿನಲ್ಲಿ ಇಷ್ಟು ಇಂಥವರಿಗೆ ಎಂದು ಮೊದಲೇ ತೆಗೆದಿಡುವ ವ್ಯವಸ್ಥೆಯನ್ನು. ಅದನ್ನು ಅಮೆರಿಕದ ಕೋರ್ಟು 1978ರಲ್ಲೇ ನಿಲ್ಲಿಸಿತ್ತು. 2023ರಲ್ಲಿ ಹೋದದ್ದು ಬೇರೆಯೇ ಒಂದು ಪದ್ಧತಿ. ಸೀಟು ತೆಗೆದಿಡದೆ, ಅರ್ಜಿಯನ್ನು ತೂಗುವಾಗ ಅಭ್ಯರ್ಥಿಯ ಜನಾಂಗವನ್ನೂ ಒಂದು ಅಂಶವಾಗಿ ನೋಡುವ ಪದ್ಧತಿ ಅದು. ಅದರ ಹೆಸರು ಅಫರ್ಮೇಟಿವ್ ಆ್ಯಕ್ಷನ್.

ಈ ಪದ್ಧತಿ ಏನು, ಅದರ ಮೇಲೆ ಅರ್ಧ ಶತಮಾನ ಜಗಳ ಏಕೆ ನಡೆಯಿತು ಎಂದು ತಿಳಿಯಲು ಲಾ ಸ್ಕೂಲುಗಳಿಗಿಂತ ಒಳ್ಳೆಯ ಜಾಗವಿಲ್ಲ. ಅಲ್ಲಿ ಬಹುತೇಕ ಎಲ್ಲ ಅರ್ಜಿಗಳ ತಲೆಯ ಮೇಲೂ ಪ್ರವೇಶ ಪರೀಕ್ಷೆಯ ಒಂದು ಸಂಖ್ಯೆ ಇರುತ್ತದೆ: ಎಲ್‌ಸ್ಯಾಟ್ ಅಂಕ. ಮಗನೋ ಮಗಳೋ ಅಲ್ಲಿ ಕಾನೂನು ಓದಲು ಹೊರಟಿರುವ ಕನ್ನಡದ ಮನೆಗಳಲ್ಲಿ ಈ ಸಂಖ್ಯೆಯ ಚರ್ಚೆ ಊಟದ ಹೊತ್ತಿನ ಮಾತಾಗಿದೆ.

ಎಲ್‌ಸ್ಯಾಟ್ ಎಂದರೆ ಏನು

ನಮ್ಮಲ್ಲಿ ಪಿಯುಸಿ ಮುಗಿಸಿ ಕ್ಲಾಟ್ ಬರೆದು ನೇರವಾಗಿ ಐದು ವರ್ಷದ ಕಾನೂನು ಕೋರ್ಸಿಗೆ ಸೇರಬಹುದು. ಅಮೆರಿಕದಲ್ಲಿ ಹಾಗಿಲ್ಲ. ಮೊದಲು ಯಾವುದಾದರೂ ವಿಷಯದಲ್ಲಿ ನಾಲ್ಕು ವರ್ಷದ ಡಿಗ್ರಿ, ಅದಾದ ಮೇಲೆ ಮೂರು ವರ್ಷದ ಜೆಡಿ ಎಂಬ ಕಾನೂನು ಡಿಗ್ರಿ. ಅರ್ಜಿಯ ಜೊತೆ ಡಿಗ್ರಿಯ ಅಂಕಗಳು, ಎಲ್‌ಸ್ಯಾಟ್ ಅಂಕ, ತನ್ನ ಬಗ್ಗೆ ತಾನೇ ಬರೆದ ಪ್ರಬಂಧ, ಪ್ರೊಫೆಸರುಗಳ ಶಿಫಾರಸು ಪತ್ರ ಎಲ್ಲವೂ ಸಾಮಾನ್ಯವಾಗಿ ಹೋಗಬೇಕು.

ಎಲ್‌ಸ್ಯಾಟ್ 1948ರಿಂದ ನಡೆದುಬಂದಿರುವ ಪರೀಕ್ಷೆ. ಅತಿ ಕಡಿಮೆ ಅಂಕ 120, ಅತಿ ಹೆಚ್ಚು 180. ಸಾಮಾನ್ಯ ಅಭ್ಯರ್ಥಿ 152ರ ಆಸುಪಾಸಿನಲ್ಲಿ ನಿಲ್ಲುತ್ತಾನೆ. 170 ದಾಟಿದರೆ ಬರೆದವರ ಪೈಕಿ ಮೇಲಿನ ಶೇ 5ರಷ್ಟು ಜನರ ಸಾಲಿಗೆ ಸೇರಿದಂತೆ. ಕಾನೂನಿನ ಬಗ್ಗೆ ಅದರಲ್ಲಿ ಒಂದು ಪ್ರಶ್ನೆಯೂ ಇರುವುದಿಲ್ಲ. ಓದಿ ಅರ್ಥ ಮಾಡಿಕೊಳ್ಳುವ ಶಕ್ತಿ ಮತ್ತು ತರ್ಕ, ಇವೆರಡೇ. ಒಂದೊಂದು ಭಾಗಕ್ಕೆ 35 ನಿಮಿಷ, ಸುಮಾರು 25 ಪ್ರಶ್ನೆ. ಎಂದರೆ ಒಂದು ಪ್ರಶ್ನೆಗೆ ಒಂದೂವರೆ ನಿಮಿಷವೂ ಸಿಗದು.

ಆ ಬಗೆಯ ಪ್ರಶ್ನೆಯೊಂದನ್ನು ನಾನೇ ಹೆಣೆದು ಕೊಡುತ್ತೇನೆ. ‘ಒಂದು ಊರಿನಲ್ಲಿ ಹೆಲ್ಮೆಟ್ ಕಡ್ಡಾಯ ಮಾಡಿದರು. ಅದಾದ ಮೇಲೆ ತಲೆಗೆ ಪೆಟ್ಟಾಗಿ ಆಸ್ಪತ್ರೆ ಸೇರುವವರ ಸಂಖ್ಯೆ ಹೆಚ್ಚಾಯಿತು. ಹಾಗಾಗಿ ಹೆಲ್ಮೆಟ್ಟಿನಿಂದ ಉಪಯೋಗವಿಲ್ಲ. ಈ ವಾದವನ್ನು ಹೆಚ್ಚು ದುರ್ಬಲಗೊಳಿಸುವ ಸಂಗತಿ ಯಾವುದು?’ ಐದು ಉತ್ತರಗಳ ನಡುವೆ ಒಂದು ಹೀಗಿರುತ್ತದೆ: ‘ಮೊದಲು ಅಪಘಾತದ ಜಾಗದಲ್ಲೇ ಸಾಯುತ್ತಿದ್ದ ಸವಾರರು ಈಗ ಜೀವಂತವಾಗಿ ಆಸ್ಪತ್ರೆ ತಲುಪುತ್ತಿದ್ದಾರೆ.’ ಅದೇ ಸರಿ. ಇಂಥ ಪ್ರಶ್ನೆಗೆ ಬಾಯಿಪಾಠ ಉಪಯೋಗಕ್ಕೆ ಬಾರದು, ಆದರೆ ಅಭ್ಯಾಸ ಖಂಡಿತ ಬರುತ್ತದೆ. ಅಭ್ಯಾಸಕ್ಕೆ ಬಿಡುವು ಬೇಕು, ಕೋಚಿಂಗಿಗೆ ದುಡ್ಡು ಬೇಕು. ಪರೀಕ್ಷೆಯ ಶುಲ್ಕವೇ ಇನ್ನೂರು ಡಾಲರಿಗೂ ಹೆಚ್ಚು. ಐದು ವರ್ಷದಲ್ಲಿ ಐದು ಸಲದವರೆಗೆ ಬರೆಯಬಹುದು. ಬಡವರಿಗೆ ಶುಲ್ಕ ವಿನಾಯಿತಿ ಇದೆ ನಿಜ, ಆದರೆ ಹಗಲು ಓದಿ ರಾತ್ರಿ ಕೆಲಸಕ್ಕೆ ಹೋಗುವ ಹುಡುಗಿಗೆ ಬಿಡುವನ್ನು ಯಾರು ಕೊಡುತ್ತಾರೆ?

ಒಂದು ಅಂಕಕ್ಕೆ ಅಷ್ಟೊಂದು ಬೆಲೆ ಏಕೆ

ಪರೀಕ್ಷೆ ನಡೆಸುವ ಸಂಸ್ಥೆಯೇ ಅಂಕದ ಜೊತೆ ಒಂದು ಅಂತರವನ್ನೂ ತಿಳಿಸುತ್ತದೆ. 165 ಬಂದವನ ನಿಜವಾದ ಸಾಮರ್ಥ್ಯ ಹೆಚ್ಚೂಕಡಿಮೆ 162ರಿಂದ 168ರ ನಡುವೆ ಎಲ್ಲೋ ಇರುತ್ತದೆ ಎಂದು ಅದರ ಅರ್ಥ. ಹಾಗಿದ್ದರೆ 169ಕ್ಕೂ 170ಕ್ಕೂ ವ್ಯತ್ಯಾಸವೇ ಇಲ್ಲ ಎನ್ನಬೇಕು. ಆದರೂ ಕಾಲೇಜುಗಳು ಒಂದು ಅಂಕಕ್ಕೆ ಬಡಿದಾಡುತ್ತವೆ.

ಕಾರಣ ರ್‍ಯಾಂಕಿಂಗ್ ಪಟ್ಟಿ. ಲಾ ಸ್ಕೂಲುಗಳನ್ನು ಮೇಲೆ ಕೆಳಗೆ ಜೋಡಿಸುವ ಜನಪ್ರಿಯ ಪಟ್ಟಿಯಲ್ಲಿ ಸೇರಿದ ವಿದ್ಯಾರ್ಥಿಗಳ ‘ನಡುವಿನ ಅಂಕ’ಕ್ಕೆ ತೂಕವಿದೆ. ಇದು ಸರಾಸರಿಯಲ್ಲ. ಶಾಲೆಯ ಪ್ರಾರ್ಥನೆಗೆ ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸಿ ಸಾಲಿನ ಸರಿಯಾಗಿ ನಡುವೆ ನಿಂತ ಹುಡುಗನ ಎತ್ತರವನ್ನು ಅಳೆದ ಹಾಗೆ. ಐವರ ಅಂಕ 162, 168, 171, 174, 178 ಇದ್ದರೆ ನಡುವಿನದು 171. ಮೊದಲನೆಯವನ ಅಂಕ 162ರ ಬದಲು 150 ಆಗಿದ್ದರೂ ನಡುವಿನದು 171ಕ್ಕೇ ನಿಲ್ಲುತ್ತದೆ. ಆದರೆ 171 ಬಂದವನ ಬದಲು 170 ಬಂದವನನ್ನು ತೆಗೆದುಕೊಂಡರೆ ಕಾಲೇಜಿನ ಸಂಖ್ಯೆ ಒಂದು ಇಳಿಯುತ್ತದೆ. ಅಳತೆಯಲ್ಲಿ ಅರ್ಥವೇ ಇಲ್ಲದ ಒಂದು ಅಂಕ ಪ್ರವೇಶದ ಕೋಣೆಯಲ್ಲಿ ಚಿನ್ನವಾಗುವುದು ಹೀಗೆ. 2022ರ ನವೆಂಬರಿನಲ್ಲಿ ಯೇಲ್ ಮತ್ತು ಹಾರ್ವರ್ಡ್ ಲಾ ಸ್ಕೂಲುಗಳು ಆ ಪಟ್ಟಿಗೆ ಮಾಹಿತಿ ಕೊಡುವುದಿಲ್ಲ ಎಂದು ಹೊರಬಂದವು. ಪಟ್ಟಿ ಮಾತ್ರ ನಿಂತಿಲ್ಲ.

ಎಲ್ಲ ಜಗಳದ ಬುಡದಲ್ಲಿರುವ ಅಂತರ

ಒಂದು ದಶಕದ ಹಿಂದೆ ಪರೀಕ್ಷಾ ಸಂಸ್ಥೆ ಪ್ರಕಟಿಸಿದ ವರದಿಗಳಲ್ಲಿ ಬಿಳಿಯ ಅಭ್ಯರ್ಥಿಗಳ ಸರಾಸರಿ ಅಂಕ 153ರ ಹತ್ತಿರ, ಕಪ್ಪು ಜನಾಂಗದವರದು 142ರ ಹತ್ತಿರ ಇತ್ತು. ಹನ್ನೊಂದು ಅಂಕ ಅಷ್ಟೇನೂ ದೊಡ್ಡದಾಗಿ ಕಾಣುವುದಿಲ್ಲ. ಆದರೆ ಇದರ ಪರಿಣಾಮ ಅರ್ಥವಾದರೆ ಉಳಿದದ್ದೆಲ್ಲ ಅರ್ಥವಾದಂತೆ ಎಂದು ನನಗೆ ಅನಿಸುತ್ತದೆ. ಅದಕ್ಕೆ ಇಲ್ಲಿ ಸ್ವಲ್ಪ ನಿಲ್ಲೋಣ.

ಎರಡು ಹೈಸ್ಕೂಲುಗಳಿವೆ ಎಂದುಕೊಳ್ಳಿ. ಎಸ್ಸೆಸ್ಸೆಲ್ಸಿಯಲ್ಲಿ ಒಂದರ ಸರಾಸರಿ ಶೇ 60, ಇನ್ನೊಂದರದು ಶೇ 50. ಪಾಸಾದವರನ್ನು ಎಣಿಸಿದರೆ ಎರಡೂ ಕಡೆ ಬೇಕಾದಷ್ಟು ಮಕ್ಕಳು ಸಿಗುತ್ತಾರೆ. ಶೇ 70 ದಾಟಿದವರನ್ನು ಎಣಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಶೇ 95 ದಾಟಿದವರನ್ನು ಎಣಿಸಲು ಹೊರಟರೆ ಮೊದಲ ಶಾಲೆಯಲ್ಲಿ ಹತ್ತಾರು ಮಂದಿ, ಎರಡನೆಯದರಲ್ಲಿ ಒಬ್ಬರೋ ಇಬ್ಬರೋ. ಸರಾಸರಿಯ ಸಣ್ಣ ಅಂತರ ತುದಿಗೆ ಹೋದಷ್ಟೂ ಹಿಗ್ಗುತ್ತದೆ.

ಅಮೆರಿಕದಲ್ಲಿ ಮಾನ್ಯತೆ ಪಡೆದ ಲಾ ಸ್ಕೂಲುಗಳು ಸುಮಾರು 200. ಅಂಕವೊಂದನ್ನೇ ನೋಡಿದರೂ ಅವುಗಳ ಪೈಕಿ ಬಹಳಷ್ಟರಲ್ಲಿ ಎಲ್ಲ ಜನಾಂಗದವರೂ ಇರುತ್ತಾರೆ. ತುದಿಯಲ್ಲಿರುವ ಹದಿನೈದಿಪ್ಪತ್ತು ಕಾಲೇಜುಗಳಲ್ಲಿ ಮಾತ್ರ ತರಗತಿ ಬಹುತೇಕ ಬಿಳಿಯರು ಮತ್ತು ಏಷ್ಯನ್ನರಿಂದ ತುಂಬಿಹೋಗುತ್ತದೆ. ಮುಂದೆ ದೊಡ್ಡ ನ್ಯಾಯಮೂರ್ತಿಗಳೂ ಸೆನೆಟರುಗಳೂ ಹೊರಬರುವುದು ಹೆಚ್ಚಾಗಿ ಅದೇ ಕಾಲೇಜುಗಳಿಂದ. ಅದಕ್ಕೇ ಸಂಕಟವೆಲ್ಲ ಅಲ್ಲಿ ಗಟ್ಟಿಯಾಗಿದೆ.

ಹಾಗಾದರೆ ಆ ಅಂಕ ಒಳ್ಳೆಯ ವಕೀಲನನ್ನು ಗುರುತಿಸುತ್ತದೆಯೇ? ಗುರುತಿಸುತ್ತದೆ ಎಂದು ಪರೀಕ್ಷಾ ಸಂಸ್ಥೆಯೂ ಹೇಳುವುದಿಲ್ಲ. ಲಾ ಸ್ಕೂಲಿನ ಮೊದಲ ವರ್ಷದ ಅಂಕಗಳನ್ನು ಎಲ್‌ಸ್ಯಾಟ್ ತಕ್ಕಮಟ್ಟಿಗೆ ಮುಂದಾಗಿ ಸೂಚಿಸುತ್ತದೆ, ಡಿಗ್ರಿ ಅಂಕವನ್ನೂ ಸೇರಿಸಿದರೆ ಇನ್ನೂ ಸ್ವಲ್ಪ ಚೆನ್ನಾಗಿ ಸೂಚಿಸುತ್ತದೆ. ನಮ್ಮ ಎಂಜಿನಿಯರಿಂಗ್ ಸಿಇಟಿ ರ್‍ಯಾಂಕಿಗೆ ಪಿಯು ಅಂಕದ ಅರ್ಧ, ಸಿಇಟಿ ಅಂಕದ ಅರ್ಧ ಸೇರಿಸುವುದರ ಹಿಂದೆ ಇರುವುದೂ ಇಂಥದೇ ಲೆಕ್ಕ. ಆದರೆ ಬರ್ಕ್‌ಲಿ ವಿಶ್ವವಿದ್ಯಾಲಯದ ಮಾರ್ಜೊರಿ ಶುಲ್ಟ್ಸ್ ಮತ್ತು ಶೆಲ್ಡನ್ ಜೆಡೆಕ್ ವಕೀಲಿಕೆಗೆ ಬೇಕಾದ 26 ಗುಣಗಳನ್ನು ಪಟ್ಟಿ ಮಾಡಿ ಹೋಲಿಸಿ ನೋಡಿದರು. ಕಕ್ಷಿದಾರನ ಮಾತು ಕೇಳಿಸಿಕೊಳ್ಳುವುದು, ಸಂಧಾನ ಮಾಡುವುದು, ಒತ್ತಡ ತಾಳಿಕೊಳ್ಳುವುದು ಅಂಥವು. ಅವುಗಳಲ್ಲಿ ಹೆಚ್ಚಿನವಕ್ಕೂ ಎಲ್‌ಸ್ಯಾಟಿಗೂ ಹೇಳಿಕೊಳ್ಳುವಂಥ ಸಂಬಂಧ ಕಾಣಲಿಲ್ಲ.

ಈ ಪದ್ಧತಿ ಹುಟ್ಟಿದ್ದು

ಹೀಮನ್ ಸ್ವೆಟ್ ಎಂಬ ಕಪ್ಪು ಜನಾಂಗದ ಅಂಚೆ ನೌಕರ ಟೆಕ್ಸಸ್ ವಿಶ್ವವಿದ್ಯಾಲಯದ ಲಾ ಸ್ಕೂಲಿಗೆ ಅರ್ಜಿ ಹಾಕಿದಾಗ ಅವನ ಬಣ್ಣದ ಕಾರಣಕ್ಕೇ ನಿರಾಕರಿಸಿದರು. ಅವನು ಕೋರ್ಟಿಗೆ ಹೋದ. ಆಗ ರಾಜ್ಯ ಸರ್ಕಾರ ಅವನನ್ನು ಒಳಗೆ ಬಿಡುವ ಬದಲು ಕಪ್ಪು ಜನರಿಗೆಂದೇ ಬೇರೊಂದು ಲಾ ಸ್ಕೂಲು ತೆರೆಯಿತು. 1950ರಲ್ಲಿ ಸುಪ್ರೀಂ ಕೋರ್ಟ್ ಅದು ಸಮಾನವಾಗಲಾರದು ಎಂದು ಹೇಳಿ ಅವನನ್ನು ಸೇರಿಸಿಕೊಳ್ಳುವಂತೆ ಆದೇಶಿಸಿತು. ಬಾಗಿಲು ತೆರೆದದ್ದು ಹಾಗೆ.

ತೆರೆದ ಬಾಗಿಲಿನಲ್ಲಿ ಬರುವವರು ಕಡಿಮೆ ಇದ್ದರು. ಅಫರ್ಮೇಟಿವ್ ಆ್ಯಕ್ಷನ್ ಎಂಬ ಪದ 1961ರಲ್ಲಿ ಅಧ್ಯಕ್ಷ ಕೆನಡಿಯ ಆದೇಶವೊಂದರಲ್ಲಿ ಬಂತು. ಭೇದ ಮಾಡದೆ ಸುಮ್ಮನಿದ್ದರೆ ಸಾಲದು, ಹೊರಗಿದ್ದವರನ್ನು ಒಳತರಲು ಮುಂದಾಗಿ ಕೆಲಸ ಮಾಡಬೇಕು ಎಂಬುದು ಅದರ ತಾತ್ಪರ್ಯ. 1965ರಲ್ಲಿ ಅಧ್ಯಕ್ಷ ಜಾನ್ಸನ್ ಹೆಚ್ಚಾಗಿ ಕಪ್ಪು ಜನಾಂಗದವರು ಓದುವ ಹವರ್ಡ್ (ಹಾರ್ವರ್ಡ್ ಅಲ್ಲ) ವಿಶ್ವವಿದ್ಯಾಲಯದಲ್ಲಿ ಮಾತಾಡುತ್ತ, ವರ್ಷಗಟ್ಟಲೆ ಕಾಲಿಗೆ ಸರಪಳಿ ಹಾಕಿದ್ದವನನ್ನು ಬಿಡಿಸಿ ಓಟದ ಗೆರೆಗೆ ತಂದು ನಿಲ್ಲಿಸಿ, ಇನ್ನು ಎಲ್ಲರೊಡನೆ ಓಡು ಎಂದರೆ ನ್ಯಾಯವಾಗುವುದಿಲ್ಲ ಎಂಬ ಅರ್ಥದ ಮಾತು ಹೇಳಿದರು. ಕಾಲೇಜುಗಳು ಜನಾಂಗವನ್ನು ಪ್ರವೇಶದ ಲೆಕ್ಕಕ್ಕೆ ತೆಗೆದುಕೊಳ್ಳತೊಡಗಿದ್ದು ಆ ದಶಕದ ಕೊನೆಯಲ್ಲಿ.

1978: ಕೋಟಾ ಕೂಡದು, ಆದರೆ...

ವಾಷಿಂಗ್ಟನ್ ವಿಶ್ವವಿದ್ಯಾಲಯದ ಲಾ ಸ್ಕೂಲಿನಲ್ಲಿ ಸೀಟು ಸಿಗದ ಮಾರ್ಕೊ ಡಿಫ್ಯೂನಿಸ್ ಎಂಬ ಬಿಳಿಯ ವಿದ್ಯಾರ್ಥಿ ಮೊದಲು ಸುಪ್ರೀಂ ಕೋರ್ಟಿನವರೆಗೆ ಹೋದ. ಕೆಳಗಿನ ಕೋರ್ಟಿನ ಆದೇಶದಿಂದ ಅವನು ಅಷ್ಟರಲ್ಲಿ ಸೇರಿ ಕೊನೆಯ ವರ್ಷಕ್ಕೆ ಬಂದಿದ್ದ. ಹಾಗಾಗಿ 1974ರಲ್ಲಿ ಕೋರ್ಟು ತೀರ್ಪು ಕೊಡದೆ ಪ್ರಕರಣ ಮುಗಿಸಿತು.

ಉತ್ತರ ಬಂದದ್ದು ಅಲನ್ ಬಾಕಿ (Bakke) ಎಂಬ ಬಿಳಿಯ ಅಭ್ಯರ್ಥಿಯ ಪ್ರಕರಣದಲ್ಲಿ, 1978ರಲ್ಲಿ. ಕ್ಯಾಲಿಫೋರ್ನಿಯಾದ ಡೇವಿಸ್ ಮೆಡಿಕಲ್ ಕಾಲೇಜು 100 ಸೀಟಿನಲ್ಲಿ 16 ತೆಗೆದಿಟ್ಟಿತ್ತು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ನಾಲ್ವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ನಡುವೆ ನಿಂತ ಲೂಯಿಸ್ ಪೊವೆಲ್ ಒಬ್ಬರ ಮಾತೇ ಮುಂದಿನ 45 ವರ್ಷ ಕಾನೂನಾಗಿ ನಡೆಯಿತು. ಸೀಟು ತೆಗೆದಿಡಬೇಡಿ ಎಂದರು ಅವರು. ಜನಾಂಗವನ್ನು ಹಲವು ಅಂಶಗಳಲ್ಲಿ ಒಂದಾಗಿ ನೋಡಬಹುದು ಎಂದೂ ಹೇಳಿದರು.

ಇದಕ್ಕೆ ಅವರು ಕೊಟ್ಟ ಕಾರಣ ನಮಗೆ ವಿಚಿತ್ರ ಎನಿಸಬಹುದು. ಅಮೆರಿಕದ ಸಂವಿಧಾನದ 14ನೇ ತಿದ್ದುಪಡಿ ಎಲ್ಲರಿಗೂ ಕಾನೂನಿನ ಸಮಾನ ರಕ್ಷಣೆ ಕೊಡುತ್ತದೆ. ಸರ್ಕಾರ ಜನಾಂಗ ನೋಡಿ ಏನನ್ನಾದರೂ ಮಾಡಬೇಕಾದರೆ ಬಹಳ ಬಲವಾದ ಕಾರಣ ತೋರಿಸಬೇಕು. ಸಮಾಜ ಹಿಂದೆ ಮಾಡಿದ ಅನ್ಯಾಯವನ್ನು ಸರಿಪಡಿಸುವುದು ಆ ಕಾರಣವಾಗಲಾರದು ಎಂದರು ಪೊವೆಲ್. ತರಗತಿಯಲ್ಲಿ ಬೇರೆ ಬೇರೆ ಹಿನ್ನೆಲೆಯವರಿದ್ದರೆ ಎಲ್ಲರ ಕಲಿಕೆಯೂ ಚೆನ್ನಾಗಿರುತ್ತದೆ ಎಂಬ ಕಾರಣವನ್ನು ಮಾತ್ರ ಒಪ್ಪಿದರು. ಗುಲಾಮಗಿರಿಯ ಮಾತು ಪಕ್ಕಕ್ಕೆ ಸರಿದು ‘ವೈವಿಧ್ಯ’ ಎಂಬ ಮಾತು ಮುಂದೆ ಬಂದದ್ದು ಹೀಗೆ.

ಇದೇ ಪ್ರಶ್ನೆ ನಮ್ಮ ನೆಲದಿಂದ ಭಾರತದ ಸುಪ್ರೀಂ ಕೋರ್ಟಿಗೆ ಹೋದದ್ದು ಅದಕ್ಕೂ ಮುಂಚೆ. 1962ರಲ್ಲಿ ಮೈಸೂರು ಸರ್ಕಾರ ಎಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳಲ್ಲಿ ಶೇ 68 ಸೀಟು ಮೀಸಲಿಟ್ಟಿತು. ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಆದರೆ ಮೀಸಲಾತಿಯನ್ನೇ ತಪ್ಪು ಎನ್ನಲಿಲ್ಲ, ಸಾಮಾನ್ಯವಾಗಿ ಅದು ಶೇ 50ರ ಒಳಗಿರಬೇಕು ಎಂದಿತು. ನಮ್ಮ ಸಂವಿಧಾನ ಸಾಮಾಜಿಕ, ಶೈಕ್ಷಣಿಕ ಹಿಂದುಳಿದಿರುವಿಕೆಯನ್ನು 15(4)ನೇ ವಿಧಿಯಲ್ಲಿ ನೇರವಾಗಿ ಹೆಸರಿಸುತ್ತದೆ. ಅಮೆರಿಕದ ಸಂವಿಧಾನದಲ್ಲಿ ಅಂಥ ಮಾತಿಲ್ಲ. ಎರಡೂ ಕಡೆಯ ತೀರ್ಪುಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವವರು ಈ ವ್ಯತ್ಯಾಸವನ್ನು ಮರೆಯಬಾರದು.

ಟೆಕ್ಸಸ್‌ನಲ್ಲಿ ಎರಡು ಗೆರೆ, ಮಿಷಿಗನ್‌ನಲ್ಲಿ ಒಟ್ಟು ನೋಟ

‘ಹಲವು ಅಂಶಗಳಲ್ಲಿ ಒಂದು’ ಎಂದರೆ ಕಾಗದದ ಮೇಲೆ ಏನು? ಟೆಕ್ಸಸ್ ಲಾ ಸ್ಕೂಲು 1992ರಲ್ಲಿ ಎಲ್‌ಸ್ಯಾಟ್ ಮತ್ತು ಡಿಗ್ರಿ ಅಂಕ ಸೇರಿಸಿ ಒಂದು ಸೂಚ್ಯಂಕ ಮಾಡಿಕೊಂಡಿತ್ತು. ಆ ರಾಜ್ಯದ ಬಿಳಿಯ ಅಭ್ಯರ್ಥಿಗೆ 199 ಬಂದರೆ ಪ್ರವೇಶ ಬಹುತೇಕ ಖಚಿತ, 192 ಅಥವಾ ಕೆಳಗಾದರೆ ಬಹುತೇಕ ನಿರಾಕರಣೆ. ಕಪ್ಪು ಮತ್ತು ಮೆಕ್ಸಿಕನ್ ಮೂಲದವರಿಗೆ ಆ ಗೆರೆಗಳು 189 ಮತ್ತು 179. ಎಂದರೆ 190 ಬಂದ ಇಬ್ಬರಲ್ಲಿ ಒಬ್ಬರಿಗೆ ಬಾಗಿಲು ತೆರೆಯುತ್ತಿತ್ತು, ಇನ್ನೊಬ್ಬರಿಗೆ ಮುಚ್ಚುತ್ತಿತ್ತು. ನಮ್ಮ ಜನರಲ್ ಮೆರಿಟ್, 2ಎ, 3ಬಿ ಕಟ್‌ಆಫ್‌ಗಳನ್ನು ನೋಡಿದವರಿಗೆ ಇದು ಹೊಸದಲ್ಲ. ಅಲ್ಲಿ ಅದು ಕಾನೂನಿಗೆ ನಿಲ್ಲಲಿಲ್ಲ. ಸೀಟು ಸಿಗದ ಬಿಳಿಯ ಅಭ್ಯರ್ಥಿ ಷೆರಿಲ್ ಹಾಪ್‌ವುಡ್ ಮತ್ತಿತರರು ಹೂಡಿದ ದಾವೆಯಲ್ಲಿ 1996ರಲ್ಲಿ ಮೇಲ್ಮನವಿ ಕೋರ್ಟು ಅದನ್ನು ತಳ್ಳಿಹಾಕಿತು.

ಅದೇ ವರ್ಷ ಕ್ಯಾಲಿಫೋರ್ನಿಯಾದ ಮತದಾರರು ಸರ್ಕಾರಿ ಕಾಲೇಜುಗಳಲ್ಲಿ ಜನಾಂಗ ನೋಡುವುದನ್ನೇ ನಿಷೇಧಿಸಿದರು. ಮರುವರ್ಷ ಬರ್ಕ್‌ಲಿ ಲಾ ಸ್ಕೂಲಿನಲ್ಲಿ 14 ಕಪ್ಪು ವಿದ್ಯಾರ್ಥಿಗಳಿಗೆ ಸೀಟು ಸಿಕ್ಕಿತು, ಅವರಲ್ಲಿ ಒಬ್ಬರೂ ಸೇರಲಿಲ್ಲ. ಮೊದಲ ವರ್ಷದ ತರಗತಿಯಲ್ಲಿ ಕೂತ ಒಬ್ಬನೇ ಒಬ್ಬ ಕಪ್ಪು ವಿದ್ಯಾರ್ಥಿ ಹಿಂದಿನ ವರ್ಷ ಸೀಟು ಪಡೆದು ಮುಂದೂಡಿಕೊಂಡಿದ್ದವನು. ಆ ತರಗತಿಯಲ್ಲಿ ಕೂತಿದ್ದ ಅವನ ಮನಸ್ಸಿನಲ್ಲಿ ಏನಿತ್ತೋ ಎಂದು ಇದನ್ನು ಓದಿದಾಗಲೆಲ್ಲ ಯೋಚಿಸುತ್ತೇನೆ.

ಮಿಷಿಗನ್ ಲಾ ಸ್ಕೂಲು ಎರಡು ಗೆರೆ ಎಳೆದಿರಲಿಲ್ಲ. ಪ್ರತಿ ಅರ್ಜಿಯನ್ನೂ ಪೂರ್ತಿ ಓದುತ್ತೇವೆ, ಕಡಿಮೆ ಸಂಖ್ಯೆಯಲ್ಲಿರುವ ಜನಾಂಗದವರು ತರಗತಿಯಲ್ಲಿ ಒಂಟಿ ಎನಿಸದಷ್ಟು ಇರುವಂತೆ ನೋಡಿಕೊಳ್ಳುತ್ತೇವೆ ಎನ್ನುತ್ತಿತ್ತು. ಬಿಳಿಯ ಅಭ್ಯರ್ಥಿ ಬಾರ್ಬರಾ ಗ್ರಟರ್‌ಗೆ ಡಿಗ್ರಿಯಲ್ಲಿ 4ಕ್ಕೆ 3.8, ಎಲ್‌ಸ್ಯಾಟಿನಲ್ಲಿ 161 ಇದ್ದೂ ಸೀಟು ಸಿಗಲಿಲ್ಲ. ಅವರು ಕೋರ್ಟಿಗೆ ಹೋದರು. 2003ರಲ್ಲಿ ಸುಪ್ರೀಂ ಕೋರ್ಟ್ 5–4ರಿಂದ ಕಾಲೇಜಿನ ಪರ ನಿಂತಿತು. ಅದೇ ದಿನ, ಅದೇ ವಿಶ್ವವಿದ್ಯಾಲಯ ಡಿಗ್ರಿ ಕೋರ್ಸಿಗೆ ಜನಾಂಗದ ಹೆಸರಿನಲ್ಲಿ 150ಕ್ಕೆ 20 ಅಂಕ ಯಾಂತ್ರಿಕವಾಗಿ ಕೊಡುತ್ತಿದ್ದುದನ್ನು ರದ್ದು ಮಾಡಿತು. ಮನುಷ್ಯ ಕೂತು ಓದಿ ತೂಗಿದರೆ ಸರಿ, ಕೋಷ್ಟಕದಲ್ಲಿ ಅಂಕ ಕೂಡಿದರೆ ತಪ್ಪು.

ಈ ಪ್ರಕರಣದ ದಾಖಲೆಯಲ್ಲಿ ಒಂದು ಲೆಕ್ಕವಿದೆ. 2000ನೇ ಸಾಲಿನ ತರಗತಿಯಲ್ಲಿ ಕಡಿಮೆ ಸಂಖ್ಯೆಯಲ್ಲಿರುವ ಜನಾಂಗಗಳ ವಿದ್ಯಾರ್ಥಿಗಳು ಶೇ 14.5 ಇದ್ದರು. ಜನಾಂಗ ನೋಡದೆ ಇದ್ದಿದ್ದರೆ ಶೇ 4 ಇರುತ್ತಿದ್ದರು ಎಂದು ಕಾಲೇಜಿನ ಪರ ತಜ್ಞರು ಹೇಳಿದರು. ಎರಡೂ ಪಕ್ಷಗಳು ಇದೇ ಸಂಖ್ಯೆಯನ್ನು ಎತ್ತಿ ಆಡಬಹುದು. ಇಷ್ಟು ಜನ ಹೊರಗುಳಿಯುತ್ತಾರಲ್ಲ ಎಂದು ಒಬ್ಬರು, ಜನಾಂಗಕ್ಕೆ ಇಷ್ಟು ತೂಕವೇ ಎಂದು ಇನ್ನೊಬ್ಬರು. ಇನ್ನು 25 ವರ್ಷಕ್ಕೆ ಇದರ ಅಗತ್ಯ ಇರಲಾರದು ಎಂಬ ನಿರೀಕ್ಷೆಯನ್ನು ತೀರ್ಪು ಬರೆದ ಸಾಂಡ್ರಾ ಡೇ ಒ’ಕಾನರ್ ಅದರಲ್ಲೇ ದಾಖಲಿಸಿದ್ದರು.

ಸಹಾಯವೋ, ಹೊರೆಯೋ

2004ರಲ್ಲಿ ರಿಚರ್ಡ್ ಸ್ಯಾಂಡರ್ ಎಂಬ ಕಾನೂನು ಪ್ರೊಫೆಸರ್ ಇನ್ನೊಂದು ವಾದ ಮುಂದಿಟ್ಟರು. ಸಹಪಾಠಿಗಳಿಗಿಂತ ಬಹಳ ಕಡಿಮೆ ಅಂಕದೊಂದಿಗೆ ದೊಡ್ಡ ಕಾಲೇಜಿಗೆ ಹೋದ ಕಪ್ಪು ವಿದ್ಯಾರ್ಥಿಗಳು ಅಲ್ಲಿ ಹಿಂದೆ ಬಿದ್ದು ವಕೀಲರ ಪರೀಕ್ಷೆಯಲ್ಲೂ ಸೋಲುತ್ತಾರೆ, ಸ್ವಲ್ಪ ಕೆಳಗಿನ ಕಾಲೇಜಿನಲ್ಲಿದ್ದರೆ ಗೆಲ್ಲುತ್ತಿದ್ದರು ಎಂಬುದು ಅದರ ಸಾರ. ಅದೇ ಅಂಕಿಅಂಶ ಹಿಡಿದು ಬೇರೆ ಸಂಶೋಧಕರು ಲೆಕ್ಕ ಹಾಕಿದಾಗ ಆ ಪರಿಣಾಮ ಕಾಣಲಿಲ್ಲ ಎಂದರು. ವಾದ ಇನ್ನೂ ಇತ್ಯರ್ಥವಾಗಿಲ್ಲ.

ಅನುಭವದಿಂದಲೂ ಒಂದೇ ಉತ್ತರ ಹುಟ್ಟುವುದಿಲ್ಲ. ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಮತ್ತು ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್ ಇಬ್ಬರೂ ಬಡತನದಲ್ಲಿ ಬೆಳೆದು 1970ರ ದಶಕದಲ್ಲಿ ಯೇಲ್ ಲಾ ಸ್ಕೂಲಿನಲ್ಲಿ ಓದಿದವರು. ಒಬ್ಬರು ಕಪ್ಪು ಜನಾಂಗದವರು, ಇನ್ನೊಬ್ಬರು ಪೋರ್ಟೊ ರಿಕೊ ಮೂಲದವರು. ಈ ಪದ್ಧತಿ ತನ್ನಂಥವರ ಯೋಗ್ಯತೆಯ ಮೇಲೆ ಅನುಮಾನದ ಮುದ್ರೆ ಒತ್ತುತ್ತದೆ ಎಂದು ಥಾಮಸ್ ನಂಬಿದರೆ, ಅದು ತನಗೆ ಬಾಗಿಲು ತೆರೆಯಿತು ಎಂದು ಸೊಟೊಮೇಯರ್ ಹೇಳುತ್ತ ಬಂದಿದ್ದಾರೆ. 2023ರಲ್ಲಿ ಇಬ್ಬರೂ ಒಂದೇ ಪೀಠದಲ್ಲಿ ಕೂತು ಎದುರುಬದುರಾಗಿ ಬರೆದರು.

2023 ಬದಲಿಸಿದ್ದೇನು

ದಾವೆ ಹೂಡಿದ್ದು ‘ಸ್ಟೂಡೆಂಟ್ಸ್ ಫಾರ್ ಫೇರ್ ಅಡ್ಮಿಷನ್ಸ್’ ಎಂಬ ಸಂಘ. ಹಾರ್ವರ್ಡ್ ‘ವ್ಯಕ್ತಿತ್ವ’ಕ್ಕೆ ಕೊಡುವ ಅಂಕದಲ್ಲಿ ಏಷ್ಯನ್ ಮೂಲದವರಿಗೆ ಕಡಿಮೆ ಬರುತ್ತಿದೆ ಎಂಬುದು ಅದರ ದೂರುಗಳಲ್ಲೊಂದು. ಅಲ್ಲಿನ ಅರ್ಜಿಗಳಲ್ಲಿ ಭಾರತೀಯ ಮೂಲದ ಮಕ್ಕಳೂ ಏಷ್ಯನ್ ಎಂಬ ಗುಂಪಿಗೇ ಸೇರುವುದರಿಂದ ಈ ಪ್ರಕರಣ ನಮ್ಮವರನ್ನೂ ನೇರವಾಗಿ ತಟ್ಟಿತು. ಭೇದದ ಉದ್ದೇಶವಿಲ್ಲ ಎಂದು ಕೆಳಗಿನ ಕೋರ್ಟು 2019ರಲ್ಲಿ ಹೇಳಿತ್ತು. ಸುಪ್ರೀಂ ಕೋರ್ಟ್ ಹಾರ್ವರ್ಡ್ ವಿಷಯದಲ್ಲಿ 6–2, ನಾರ್ತ್ ಕೆರೊಲಿನಾ ವಿಷಯದಲ್ಲಿ 6–3 ಬಹುಮತದಿಂದ ಬೇರೆ ನಿಲುವು ತಳೆಯಿತು. ವೈವಿಧ್ಯ ಎಂಬ ಗುರಿಯನ್ನು ಅಳೆಯಲಾಗದು, ಅದಕ್ಕೆ ಕೊನೆಯ ದಿನವಿಲ್ಲ, ಒಬ್ಬರಿಗೆ ಕೊಟ್ಟ ಸೀಟು ಇನ್ನೊಬ್ಬರಿಗೆ ತಪ್ಪಿದ ಸೀಟು ಎಂದು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಬರೆದರು. ಒ’ಕಾನರ್ ಹೇಳಿದ ಗಡುವಿಗೆ ಇನ್ನೂ ಐದು ವರ್ಷ ಬಾಕಿ ಇತ್ತು.

ಒಂದು ಕಿಂಡಿಯನ್ನು ಮಾತ್ರ ತೀರ್ಪು ತೆರೆದಿಟ್ಟಿತು. ಜನಾಂಗ ತನ್ನ ಬದುಕನ್ನು ಹೇಗೆ ತಟ್ಟಿತು ಎಂದು ಅಭ್ಯರ್ಥಿ ಪ್ರಬಂಧದಲ್ಲಿ ಬರೆದರೆ ಕಾಲೇಜು ಅದನ್ನು ಓದಬಹುದು. ಆದರೆ ಮೆಚ್ಚಬೇಕಾದದ್ದು ಅದರಲ್ಲಿ ಕಾಣುವ ಧೈರ್ಯವನ್ನು, ದೃಢತೆಯನ್ನು. ಬರೆದವರ ಜನಾಂಗಕ್ಕಾಗಿ ಸೀಟು ಕೊಡುವಂತಿಲ್ಲ.

2024ರಲ್ಲಿ ಹಾರ್ವರ್ಡ್ ಲಾ ಸ್ಕೂಲಿಗೆ ಸೇರಿದ ಕಪ್ಪು ವಿದ್ಯಾರ್ಥಿಗಳು 19. ಹಿಂದಿನ ವರ್ಷ 43 ಇದ್ದರು. ಇದು ಒಂದೇ ಕಾಲೇಜಿನ ಒಂದೇ ವರ್ಷದ ಸಂಖ್ಯೆ. ಇದನ್ನೇ ಹಿಡಿದು ದೇಶದ ಚಿತ್ರ ಬರೆಯಲು ಬರುವುದಿಲ್ಲ.

ಈಗ ಅರ್ಜಿ ತುಂಬಲು ಕೂತ ಹುಡುಗಿಗೆ ಜನಾಂಗ ಕೇಳುವ ಚೌಕ ಅರ್ಜಿಯಲ್ಲಿ ಕಾಣಬಹುದು. ಅಂಕಿಅಂಶಕ್ಕಾಗಿ ಅದನ್ನು ತುಂಬಿಸಿಕೊಂಡು, ಅರ್ಜಿ ಓದುವವರ ಕಣ್ಣಿಗೆ ಬೀಳದಂತೆ ಮರೆಮಾಡುವ ವ್ಯವಸ್ಥೆ ಬಂದಿದೆ. ನೀವು ಬೆಳೆದ ಪರಿಸರ ನಿಮ್ಮನ್ನು ಹೇಗೆ ರೂಪಿಸಿತು ಎಂಬಂಥ ಪ್ರಬಂಧದ ಪ್ರಶ್ನೆಯನ್ನು ಹಲವು ಕಾಲೇಜುಗಳು ಕೇಳುತ್ತಿವೆ. ಆ ಉತ್ತರಕ್ಕೆ ಎಷ್ಟು ತೂಕ ಎಂದು ಯಾರೂ ಮುಂಚೆ ಹೇಳುವುದಿಲ್ಲ. ಎಲ್‌ಸ್ಯಾಟ್ ಅಂಕ ಮಾತ್ರ ಮೊದಲಿನ ಹಾಗೆಯೇ ಓದುವವರ ಕಣ್ಣಿಗೆ ನೇರವಾಗಿ ಬೀಳುತ್ತದೆ.